ಸಣ್ಣ ಉರಿಗೆ ಮೀಟರ್ ತಿರುಗುವುದಿಲ್ಲ

ಆ ಮನೆಯಲ್ಲಿ ಬಿಸಿಬಿಸಿಯಾಗಿ ಊಟ ಮಾಡಿದ ನೆನಪು ಯಾರಿಗೂ ಇರಲಿಲ್ಲ. ಒಲೆ ಇರಲಿಲ್ಲವೆಂದಲ್ಲ. ಗಾಜಿನ ಹೊದಿಕೆಯ, ಮೂರು ಬರ್ನರಿನ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಒಲೆಯೇ ಇತ್ತು. ಗೋಡೆಯೊಳಗಿನ ಪೈಪಿನಿಂದ ಹಗಲೂ ರಾತ್ರಿ ಗ್ಯಾಸ್ ಬರುತ್ತಿತ್ತು. ಆದರೆ ಒಲೆಯ ಪ್ರತಿ ನಾಬಿನ ಪಕ್ಕದಲ್ಲೂ ಮಾವ, ಮೊಮ್ಮಗಳ ನೇಲ್ ಪಾಲಿಶ್ ಇಸಿದುಕೊಂಡು, ಒಂದೊಂದು ಕೆಂಪು ಗೆರೆ ಎಳೆದಿದ್ದರು. ಒಲೆ ಹಚ್ಚಿದ ಕೂಡಲೇ ನಾಬನ್ನು ಆ ಗೆರೆಗೆ ತಂದು ನಿಲ್ಲಿಸಬೇಕು. ಅಲ್ಲಿ ಉರಿ ಬೆರಳ ತುದಿಯಷ್ಟು ನೀಲಿಯಾಗಿ, ಹೆದರಿದ ಹಾಗೆ ಉರಿಯುತ್ತಿತ್ತು.

"ಸಣ್ಣ ಉರಿಗೆ ಮೀಟರ್ ತಿರುಗಲ್ಲ" ಎನ್ನುವುದು ಮಾವನ ಸಿದ್ಧಾಂತ.

ಅವರು ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಅಲ್ಲಿ ಅವರು ಕಂಡಿದ್ದ ಕಳ್ಳತನ ಒಂದೇ ಬಗೆಯದು. ಜನ ನಲ್ಲಿಯನ್ನು ನೂಲಿನೆಳೆಯಷ್ಟು ಬಿಟ್ಟು ಕೆಳಗೆ ಡ್ರಮ್ಮು ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಡ್ರಮ್ಮು ತುಂಬಿರುತ್ತಿತ್ತು, ಮೀಟರಿನ ಮುಳ್ಳು ಮಾತ್ರ ಅಲ್ಲಾಡಿರುತ್ತಿರಲಿಲ್ಲ. ಹಾಗೆ ಮಾಡಿದವರಿಗೆಲ್ಲ ದಂಡದ ನೋಟಿಸ್ ಬರೆದದ್ದು ಇವರೇ. ಬರೆದು ಬರೆದು ಕೊನೆಗೆ ಅವರ ಮೇಲೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿರಬೇಕು. ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ಅದೇ ಉಪಾಯವನ್ನು ಒಲೆಗೆ ತಂದರು. ನೀರಿಗೆ ನಡೆದದ್ದು ಗ್ಯಾಸಿಗೆ ಯಾಕೆ ನಡೆಯಬಾರದು? ಯಾರೂ ಉತ್ತರ ಕೊಡಲಿಲ್ಲ, ಏಕೆಂದರೆ ಅವರು ಯಾರನ್ನೂ ಕೇಳಿರಲಿಲ್ಲ.

ಹೀಗಾಗಿ ಆ ಮನೆಯಲ್ಲಿ ಬೇಳೆ ಬೇಯಲು ಅರ್ಧ ದಿನ ಹಿಡಿಯುತ್ತಿತ್ತು. ಅನ್ನ ಮೇಲೆ ಹಸಿ, ಕೆಳಗೆ ಮುದ್ದೆ. ಹಾಲು ಕಾಯುತ್ತಿತ್ತೇ ಹೊರತು ಉಕ್ಕಿದ್ದನ್ನು ಕಂಡವರಿಲ್ಲ. ಅತ್ತೆ ಬದುಕಿದ್ದಷ್ಟು ದಿನ ಆ ನೀಲಿ ಚುಕ್ಕೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ತುಟಿ ಪಿಟಕ್ಕೆನ್ನದೆ ಸೌಟು ಆಡಿಸಿ, ಒಂದು ದಿನ ತೀರಿಕೊಂಡರು. ಸ್ಟೂಲು ಸೊಸೆಗೆ ಬಂತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು ಬರುವ ಕೆಲಸ. ಆ ಭಯ ಅವಳಿಗೆ ಮನೆಯವರೆಗೂ ಅಂಟಿಕೊಂಡಿತ್ತು. ಮಾವ ಮನೆಯಲ್ಲಿ ಇಲ್ಲದಾಗಲೂ ಅವಳು ಕೆಂಪು ಗೆರೆ ದಾಟಿದವಳಲ್ಲ. ತಾನು ಒಬ್ಬಳೇ ಇದ್ದಾಗ ಚಹಾ ಮಾಡಿಕೊಂಡರೂ ನಾಬು ಗೆರೆಗೆ ಸರಿಯಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಚಹಾ ಆಗುವಷ್ಟರಲ್ಲಿ ಕುಡಿಯುವ ಆಸೆ ಹೋಗಿರುತ್ತಿತ್ತು.

ಅವಳ ಅಮ್ಮ ಈ ಮನೆಗೆ ಬಂದದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಮಗಳನ್ನು ಸಾಕಿದವಳು. ಇದ್ದದ್ದು ಮೂರನೇ ಮಹಡಿಯ ಒಂದು ಕೋಣೆಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದಳು, ಮೂಳೆಗೆ ರಾಡು ಹಾಕಿದರು. ಮೆಟ್ಟಿಲು ಹತ್ತಬಾರದು, ದಿನಾ ಬಿಸಿನೀರಿನ ಸ್ನಾನ ಆಗಬೇಕು ಎಂದು ವೈದ್ಯರು ಹೇಳಿದರು. ಮಗಳು ಕರೆದುಕೊಂಡು ಬಂದು ಹಿಂದಿನ ಚಿಕ್ಕ ಕೋಣೆಯಲ್ಲಿ ಮಂಚ ಹಾಕಿದಳು.

ಅಮ್ಮ ಮೊದಲ ದಿನವೇ ತಟ್ಟೆಯಲ್ಲಿದ್ದ ಕಾಳನ್ನು ಹಲ್ಲಿನಲ್ಲಿ ಪರೀಕ್ಷೆ ಮಾಡಿದಳು.

"ಇದು ಬೆಂದಿದೆಯೋ, ಇನ್ನೂ ಯೋಚನೆ ಮಾಡ್ತಾ ಇದೆಯೋ?"

"ಅಮ್ಮ, ಮೆಲ್ಲಗೆ."

"ಹಲ್ಲು ಗಟ್ಟಿ ಇದೆ, ಪರವಾಗಿಲ್ಲ. ಮುರಿದಿರೋದು ಸೊಂಟ ತಾನೇ."

ಸ್ನಾನದ ನೀರಿನ ಮಾತು ಬಂದಾಗ ಮಾವ ಧಾರಾಳ ತೋರಿಸಿದರು. "ದೊಡ್ಡ ಪಾತ್ರೇಲಿ ನೀರು ತುಂಬಿ, ಸಂಜೆ ಊಟ ಆದ ಮೇಲೆ ಸಣ್ಣ ಉರೀಲಿ ಇಟ್ಟುಬಿಡಿ. ಬೆಳಗಿನವರೆಗೂ ಇರ್ಲಿ. ಒಂದು ಪೈಸೆ ಖರ್ಚಿಲ್ಲದೆ ಬಿಸಿನೀರು ಸಿಗುತ್ತೆ. ನೆಂಟರಿಗೆ ನಾನು ಇಲ್ಲ ಅನ್ನೋನಲ್ಲ" ಎಂದರು. ಅಂದಿನಿಂದ ದಿನವೂ ಇಡೀ ರಾತ್ರಿ ಆ ಪಾತ್ರೆಯ ಕೆಳಗೆ ನೀಲಿ ಚುಕ್ಕೆ ಉರಿಯಿತು. ಬೆಳಿಗ್ಗೆ ನೀರು ಉಗುರುಬೆಚ್ಚಗಿನದಕ್ಕಿಂತ ಒಂದು ಕೂದಲು ಮೇಲಿರುತ್ತಿತ್ತು. ಅಮ್ಮ ಅದರಲ್ಲೇ ಮಿಂದು, "ಬೀಗರು ಧರ್ಮಾತ್ಮರು" ಎನ್ನುತ್ತಿದ್ದಳು. ಆ ದನಿಗೆ ಮೊಮ್ಮಗಳು ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಿದ್ದಳು.

ಮೊಮ್ಮಗಳಿಗೆ ಹದಿನಾಲ್ಕು. ಎಲ್ಲದಕ್ಕೂ ಎದುರು ವಾದ ಹೂಡುತ್ತಿದ್ದರಿಂದ ತಾತ ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು. ಹೊಗಳಿಕೆಯಿಂದ ಅಲ್ಲ.

ಎರಡು ತಿಂಗಳಿಗೊಮ್ಮೆ ಬಿಲ್ ಬರುತ್ತಿತ್ತು. ಈ ಸಲ ಬಂದದ್ದನ್ನು ಮಾವ ಊಟದ ಹೊತ್ತಿಗೆ ಜೇಬಿನಿಂದ ತೆಗೆದು, ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದರು. ಎಲ್ಲರಿಗೂ ಕಾಣಲಿ ಎಂದು.

"ಹೋದ ಸಲ ಸಾವಿರದ ಇನ್ನೂರ ಇಪ್ಪತ್ತು. ಈ ಸಲ ಎರಡು ಸಾವಿರದ ಇನ್ನೂರು. ಯಾರಾದ್ರೂ ಏನಾದ್ರೂ ಹೇಳ್ತೀರಾ?"

ಮಗ ಅನ್ನ ಕಲಸುತ್ತಲೇ ಇದ್ದ. ಅವನು ಟೈಲ್ಸ್ ಅಂಗಡಿಯಲ್ಲಿ ಮಾರಾಟಗಾರ. ಗಿರಾಕಿ ಮುಂದೆ ಒಂದು ಚದರ ಅಡಿ ಟೈಲಿಗೆ ಒಂದು ಗಂಟೆ ಮಾತಾಡಬಲ್ಲವನು, ಮನೆಯಲ್ಲಿ ಅಪ್ಪನ ಮುಂದೆ ಉಪ್ಪು ಬೇಕೆಂದೂ ಕೇಳುತ್ತಿರಲಿಲ್ಲ.

"ಯಾರೂ ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ" ಎಂದರು ಮಾವ. "ನಾನು ಮಲಗಿದ ಮೇಲೆ ಈ ಮನೇಲಿ ಗೆರೆ ದಾಟ್ತಾ ಇದ್ದಾರೆ. ಯಾರದೋ ಸ್ನಾನಕ್ಕೆ ನೀರು ಬೇಗ ಕಾಯ್ಲಿ ಅಂತ ದೊಡ್ಡ ಉರಿ ಹಾಕ್ತಾ ಇದ್ದಾರೆ."

"ಇಲ್ಲ ಮಾವ. ನಾನು ಒಂದು ದಿನವೂ..."

"ಹಾಗಾದ್ರೆ ಗ್ಯಾಸು ತಾನಾಗೇ ಹಾರಿ ಹೋಯ್ತಾ?"

"ದೊಡ್ಡ ಉರಿ ಹಾಕಿದ್ರೆ ನೀರು ಬಿಸಿಯಾಗಿರ್ತಿತ್ತು ಬೀಗ್ರೇ" ಎಂದಳು ಅಮ್ಮ. "ನೀವೊಂದ್ಸಲ ಮಿಂದು ನೋಡಿದ್ರೆ ಅನುಮಾನವೇ ಬರ್ತಿರ್ಲಿಲ್ಲ."

ಮಾವ ಅವಳತ್ತ ತಿರುಗಲಿಲ್ಲ. ಬೀಗಿತ್ತಿಯ ಜೊತೆ ನೇರವಾಗಿ ಮಾತಾಡುವ ಮರ್ಯಾದೆಯನ್ನು ಅವರು ಆಕೆಗೆ ಇನ್ನೂ ಕೊಟ್ಟಿರಲಿಲ್ಲ. ಮಗನ ಕಡೆ ನೋಡಿ ಹೇಳಿದರು. "ಇವತ್ತಿಂದ ಆ ಪಾತ್ರೆ ಒಲೆ ಮೇಲೆ ಇಡೋದು ಬೇಡ. ತಿಂಗಳ ಕೊನೆಗೆ ಅವರದ್ದೇನೋ ಬೇರೆ ಏರ್ಪಾಟು ಮಾಡ್ಕೊಳ್ಳಿ ಅಂತ ಹೇಳು. ಅವರ ಕೋಣೆ ಇನ್ನೂ ಇದೆಯಲ್ಲ."

"ಮೂರನೇ ಮಹಡಿ ಮಾವ ಅದು" ಎಂದಳು ಸೊಸೆ.

"ಮೊದಲೂ ಮೂರನೇ ಮಹಡೀಲೇ ಇತ್ತು."

ಸೊಸೆ ಗಂಡನನ್ನು ನೋಡಿದಳು. ಅವನು ಜಗ್ಗಿಗೆ ಒರಗಿದ್ದ ಬಿಲ್ಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಲೋಟಕ್ಕೆ ನೀರು ಬಗ್ಗಿಸಿಕೊಂಡ.

ಕೈ ತೊಳೆಯುವಾಗ ಅವಳು ಅವನನ್ನು ಹಿಡಿದಳು. "ರೀ, ಒಂದು ಮಾತು ಆಡಬಾರದಿತ್ತಾ? ಅಮ್ಮ ಇಲ್ಲೇ ಇರ್ತಾರೆ ಅನ್ನೋದು ಒಂದೇ ಮಾತು."

"ಅಪ್ಪನ ಹತ್ರ ಏನು ವಾದ ಮಾಡ್ಲಿ? ಲೆಕ್ಕದಲ್ಲಿ ಹೆಚ್ಚು ಬಂದಿರೋದು ನಿಜ ತಾನೇ?"

"ಲೆಕ್ಕ ತಪ್ಪು ಅಂತ ತೋರಿಸಿದ್ರೆ?"

"ತೋರಿಸು ನೋಡೋಣ" ಎಂದ, ಟವೆಲಿಗೆ ಮುಖ ಒತ್ತಿಕೊಂಡು. ಮುಖ ಒರೆಸಿಕೊಳ್ಳಲು ಅಷ್ಟು ಹೊತ್ತು ಬೇಕಿರಲಿಲ್ಲ.

ತೋರಿಸು ಎಂದದ್ದೇ ತಡ, ಅವಳ ತಲೆಗೆ ಅದೊಂದೇ ಹೊಕ್ಕಿತು. ಮರುದಿನ ಕೆಲಸದಿಂದ ಬಂದವಳೇ ಊಟದ ಮೇಜಿನ ಮೇಲೆ ಎರಡೂ ಬಿಲ್ಲು ಹರಡಿ ಕೂತಳು. ಇಷ್ಟು ವರ್ಷ ಅವಳು ಬಿಲ್ಲಿನ ಕೊನೆಯ ಸಾಲನ್ನು ಬಿಟ್ಟು ಬೇರೇನನ್ನೂ ಓದಿರಲಿಲ್ಲ. ಆ ನಾಚಿಕೆಯೂ ಜೊತೆಗಿತ್ತು. ಮಗಳು ಪೆನ್ಸಿಲು ಹಿಡಿದು ಪಕ್ಕದಲ್ಲಿ ಕೂತಳು. ಅಮ್ಮ ಗೋಡೆಗೆ ಒರಗಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

ಲೆಕ್ಕ ನೋಡಿದರೆ ಅಷ್ಟೇನೂ ಕಷ್ಟದ್ದಲ್ಲ. ಮೀಟರಿನ ಈಗಿನ ಅಂಕಿಯಿಂದ ಹೋದ ಸಲದ ಅಂಕಿ ಕಳೆದರೆ ಉರಿಸಿದ ಯೂನಿಟ್ಟು. ಮೊದಲ ಮೂವತ್ತು ಯೂನಿಟ್ಟಿಗೆ ನಲವತ್ತರ ದರ. ಮೂವತ್ತು ದಾಟಿದ ಮೇಲೆ ಪ್ರತಿ ಯೂನಿಟ್ಟಿಗೆ ಅರವತ್ತು. ಉರಿಸಲಿ ಬಿಡಲಿ, ಮೀಟರಿನ ಬಾಡಿಗೆ ನೂರು.

"ಹೋದ ಸಲ ಇಪ್ಪತ್ತೆಂಟು ಯೂನಿಟ್" ಎಂದಳು ಮಗಳು. "ಮೂವತ್ತರ ಒಳಗೇ ಇತ್ತು. ಈ ಸಲ ನಲವತ್ತೈದು. ಹೆಚ್ಚಾಗಿರೋದು ಹದಿನೇಳು, ಆದ್ರೆ ಅದರಲ್ಲಿ ಹದಿನೈದಕ್ಕೆ ಮೇಲಿನ ದರ ಬಿದ್ದಿದೆ. ಅದಕ್ಕೇ ದುಡ್ಡು ಎರಡು ಪಟ್ಟು ಹತ್ರ ಹತ್ರ ಬಂದಿದೆ."

ಮಾವ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. ಬಿಲ್ಲಿನ ಹಿಂದೆ ಅಚ್ಚಾಗಿದ್ದ ದರದ ಪಟ್ಟಿಯನ್ನು ಅವರೂ ಓದಿರಲಿಲ್ಲ ಎಂಬುದು ಅವರು ಕನ್ನಡಕ ಹಾಕಿಕೊಂಡ ಆತುರದಲ್ಲೇ ಗೊತ್ತಾಯಿತು. ಓದಿ ಮುಗಿಸಿದವರೇ ಮೀಸೆ ನೀವಿಕೊಂಡರು.

"ಸರಿ ಹೋಯ್ತಲ್ಲ. ಮೊದಲ ಮೂವತ್ತು ಯೂನಿಟ್ ನಮ್ಮದು. ನಾವು ಮೊದಲಿಂದ ಇದ್ದೋರು. ಮೇಲಿನ ಹದಿನೈದು ಆಮೇಲೆ ಬಂದೋರದು. ಹದಿನೈದು ಅರವತ್ತಲಿ ಒಂಬೈನೂರು. ನಿಮ್ಮಮ್ಮನ ಸ್ನಾನಕ್ಕೆ ಒಂಬೈನೂರು ಆಗಿದೆ ಅಂತ ನೀನೇ ತೋರಿಸಿಕೊಟ್ಟೆ."

ಸೊಸೆ ಮತ್ತೆ ಬಿಲ್ಲಿನತ್ತ ಬಗ್ಗಿದಳು. ನಿಜವಾಗಿಯೂ ಹಾಗಿರಬಹುದೇ ಎಂದು ಒಂದು ಕ್ಷಣ ಲೆಕ್ಕ ಹಾಕಿದಳು. ಯಾರು ಏನು ಹೇಳಿದರೂ ಅದರಲ್ಲಿ ಸತ್ಯ ಇರಬಹುದೆಂದು ಮೊದಲು ತನ್ನನ್ನೇ ಜಾಲಾಡುವುದು ಅವಳ ಚಾಳಿ.

"ತಾತ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮಾಡೋದು ಅಜ್ಜಿ" ಎಂದಳು ಲಾಯರಮ್ಮ. "ಹಾಗೆ ನೋಡಿದ್ರೆ ದಿನಾ ಮೊದಲ ಗ್ಯಾಸು ಅಜ್ಜೀದೇ. ಕೊನೇಗೆ ಹಾಲು ಕುಡಿಯೋದು ನೀವು. ಮೇಲಿನ ದರ ನಿಮಗೇ ಬೀಳುತ್ತೆ."

"ಹೋಗಿ ಪಾಠ ಓದು."

"ಓದ್ತಾನೇ ಇದೀನಿ ತಾತ. ಬಿಲ್ಲು."

"ಬಿಡೇ ಕಂದ" ಎಂದಳು ಅಜ್ಜಿ, ಸಿಪ್ಪೆಯನ್ನು ತಟ್ಟೆಗೆ ಬಿಡುತ್ತಾ. "ಗ್ಯಾಸು ಪೈಪಲ್ಲಿ ಬರುವಾಗಲೇ ಇದು ಮನೇದು, ಇದು ನೆಂಟರದು ಅಂತ ಬೇರೆ ಬೇರೆ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ."

ಮಾವ ಹೋದ ಮೇಲೂ ಸೊಸೆ ಬಿಲ್ಲಿನಿಂದ ಕಣ್ಣು ತೆಗೆಯಲಿಲ್ಲ. ಹದಿನೇಳು ಯೂನಿಟ್ಟು ಎಲ್ಲಿಂದ ಬಂತು? ತಾನು ಗೆರೆ ದಾಟಿಲ್ಲ. ಅಮ್ಮನಿಗೆ ಒಲೆಯವರೆಗೆ ನಡೆಯಲೇ ಆಗುವುದಿಲ್ಲ. ಗಂಡನಿಗೆ ಒಲೆ ಹಚ್ಚಲೂ ಬರುವುದಿಲ್ಲ. ಅಂದರೆ ಯಾರೂ ದೊಡ್ಡ ಉರಿ ಹಾಕಿಲ್ಲ. ಹೊಸದಾಗಿ ಉರಿದದ್ದು ಒಂದೇ, ಇಡೀ ರಾತ್ರಿ ಪಾತ್ರೆಯ ಕೆಳಗಿನ ಆ ಸಣ್ಣ ಉರಿ.

"ಅಮ್ಮ" ಎಂದಳು, ತನ್ನ ಮಾತಿಗೆ ತಾನೇ ಹೆದರಿದವಳಂತೆ. "ಸಣ್ಣ ಉರಿಗೂ ಮೀಟರ್ ತಿರುಗುತ್ತೆ ಅನ್ಸುತ್ತೆ."

ಅಮ್ಮ ಚಾಕು ಕೆಳಗಿಟ್ಟು ಅವಳನ್ನು ನೋಡಿದಳು. "ಇಷ್ಟು ವರ್ಷ ಈ ಮನೇಲಿ ಇದ್ದು, ಇವತ್ತು ಅನ್ಸಿತಾ?"

ಆ ವಾರ ಪಾತ್ರೆ ಒಲೆಯ ಮೇಲೆ ಏರಲಿಲ್ಲ. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಚಹಾ ಪಾತ್ರೆಯಲ್ಲೇ ಎರಡು ಚೊಂಬು ನೀರು ಕಾಯಿಸಿ ಅಮ್ಮನ ಬಚ್ಚಲಿಗೆ ಇಟ್ಟು ಹೋಗುತ್ತಿದ್ದಳು. ಎದ್ದು ನಡೆದು ಹೋಗುವಷ್ಟರಲ್ಲಿ ಅದು ಆರಿರುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ರಜೆ ಕೊಟ್ಟಿದ್ದರು. ಮನೆಗೆ ಬಂದವಳಿಗೆ ಬಚ್ಚಲಿನ ಬಾಗಿಲ ಸಂದಿಯಿಂದ ಅಮ್ಮ ಸ್ಟೂಲಿನ ಮೇಲೆ ಕೂತು, ನಲ್ಲಿ ನೀರಿಗೆ ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುವುದು ಕಂಡಿತು. ಒರೆಸಿಕೊಳ್ಳುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಮುಂದಿನ ಕೋಣೆಯಲ್ಲಿ ಮಾವ ಫ್ಯಾನು ಹಾಕಿಕೊಂಡು, ಹೊದ್ದುಕೊಂಡು ಮಲಗಿದ್ದರು.

ಸೊಸೆ ಟವೆಲು ತಂದು ಅಮ್ಮನ ಬೆನ್ನಿಗೆ ಹೊದಿಸಿದಳು.

"ತಿಂಗಳ ಕೊನೆಗೆ ಹೋಗೋಳು ತಾನೇ, ಅಭ್ಯಾಸ ಆಗ್ಲಿ ಅಂತ" ಎಂದಳು ಅಮ್ಮ. "ಆ ಮಹಡೀಲಿ ನೀರೂ ಬರಲ್ಲ, ತಣ್ಣೀರಾದ್ರೂ ಇಲ್ಲಿದೆ. ಬೀಗರು ಧರ್ಮಾತ್ಮರು."

"ಸಾಕು ಸುಮ್ನಿರಮ್ಮ."

"ಸುಮ್ನಿರೋಕೆ ನಿನ್ನ ಗಂಡ ಇದ್ದಾನಲ್ಲ. ಅಳಿಯಂದ್ರು ಗೋಡೆಗೆ ಟೈಲ್ಸ್ ಮಾರಿ ಮಾರಿ ಗೋಡೆನೇ ಆಗಿಬಿಟ್ಟಿದ್ದಾರೆ."

ಆ ಸಂಜೆ ಊಟದಲ್ಲಿ ಸೊಸೆ ಬಡಿಸುವುದನ್ನು ನಿಲ್ಲಿಸಿ, ಸೌಟು ಕೈಯಲ್ಲಿರುವಾಗಲೇ ಹೇಳಿದಳು. ಪದಗಳನ್ನು ಅವಳು ಮಧ್ಯಾಹ್ನದಿಂದಲೇ ಜೋಡಿಸಿಕೊಂಡಿದ್ದಳು.

"ಮಾವ, ಭಾನುವಾರ ಒಂದು ಪರೀಕ್ಷೆ ಮಾಡೋಣ. ಅಡುಗೆ ಬೆಳಿಗ್ಗೆನೇ ಮುಗಿಸ್ತೀನಿ. ಆಮೇಲೆ ಒಂದೇ ಒಂದು ಬರ್ನರ್, ನಿಮ್ಮ ಗೆರೆಗೇ ಸರಿಯಾಗಿ, ಪಾತ್ರೆ ನೀರಿನ ಕೆಳಗೆ. ಮಧ್ಯಾಹ್ನದ ಊಟದವರೆಗೆ ಬೇರೆ ಯಾವುದೂ ಹಚ್ಚೋದಿಲ್ಲ. ಮೀಟರ್ ತಿರುಗದಿದ್ರೆ, ತಪ್ಪು ನನ್ನದು, ಅಮ್ಮನ್ನ ನಾನೇ ಕರ್ಕೊಂಡು ಹೋಗಿ ಬಿಡ್ತೀನಿ."

"ತಿರುಗಿದ್ರೆ?" ಎಂದಳು ಮಗಳು.

"ತಿರುಗಲ್ಲ" ಎಂದರು ಮಾವ. "ಮೂವತ್ತು ವರ್ಷ ಮೀಟರಿನ ಜೊತೆಗೇ ಕಳೆದಿದ್ದೀನಿ. ಹಾಕಿ, ನೋಡೋಣ. ಮೀಟರಿನ ಮುಂದೆ ನಾನೇ ಕೂತ್ಕೋತೀನಿ. ನಿಮ್ಮನ್ನ ನಂಬಕ್ಕಾಗಲ್ಲ."

ಮೀಟರ್ ಇದ್ದದ್ದು ಅಡುಗೆಮನೆಯ ಹಿಂದಿನ ಓಣಿಯಂಥ ಜಾಗದಲ್ಲಿ, ಕಿಟಕಿಯ ಪಕ್ಕದ ಗೋಡೆಗೆ. ಭಾನುವಾರ ಮಾವ ಬೆತ್ತದ ಕುರ್ಚಿ, ದಿಂಬು, ಪೇಪರು, ಓದುವ ಕನ್ನಡಕ ಎಲ್ಲವನ್ನೂ ಅಲ್ಲಿಗೆ ಸಾಗಿಸಿದರು. ಮದುವೆ ಮನೆಗೆ ಬಂದ ಹಿರಿಯರಂತೆ ಕಾಲ ಮೇಲೆ ಕಾಲು ಹಾಕಿ ಕೂತರು. ಸೊಸೆ ಒಲೆ ಹಚ್ಚಿ, ನಾಬನ್ನು ಗೆರೆಗೆ ತಂದು, "ಬಂದು ನೋಡಿ ಮಾವ, ಸರಿ ಇದೆಯಾ?" ಎಂದು ಕರೆದಳು. ಅವರು ಎದ್ದು ಬಂದು, ಬಗ್ಗಿ, ಉಗುರಿನಷ್ಟು ಇನ್ನೂ ಕಡಿಮೆ ಮಾಡಿ ಹೋದರು.

ಮೀಟರಿನ ಮುಖದಲ್ಲಿ ಎಡಕ್ಕೆ ಕಪ್ಪು ಅಂಕಿಗಳು, ಬಲಕ್ಕೆ ಕೆಂಪು ಚೌಕದೊಳಗೆ ಮೂರು ಅಂಕಿಗಳು. ಕಪ್ಪಿನ ಕೊನೆಯ ಅಂಕಿ ಆರು. ಕೆಂಪು ಎಂಟುನೂರ ತೊಂಬತ್ತರ ಹತ್ತಿರ. ಮಗಳು ಅದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ತಾತನ ಪಕ್ಕದಲ್ಲಿ ನೆಲಕ್ಕೆ ಕೂತಳು.

ಸ್ವಲ್ಪ ಹೊತ್ತಿಗೇ ಕೊನೆಯ ಕೆಂಪು ಅಂಕಿ ಒಂದು ಜರುಗಿತು.

"ತಾತ, ತಿರುಗ್ತು."

"ಗಾಳಿಗೆ."

"ಗಾಜಿನ ಒಳಗೆ ಗಾಳಿ ಎಲ್ಲಿಂದ ತಾತ?"

ಮತ್ತೊಂದು ಜರುಗಿತು. ಆಮೇಲೆ ಇನ್ನೊಂದು. ಮಾವ ಪೇಪರು ಮಡಚಿಟ್ಟರು. ಒಲೆಯ ಹತ್ತಿರ ಹೋಗಿ, ಉರಿ ಆರಿಹೋಗುವ ಅಂಚಿಗೆ ತಂದು ಬಂದರು. ಅಂಕಿ ಮೊದಲಿಗಿಂತ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಹತ್ತು ಅಂಕಿ ಜರುಗಿದ ಮೇಲೆ ಅವರ ಮುಖ ಒಮ್ಮೆಲೇ ಅರಳಿತು.

"ಅಯ್ಯೋ ಪೆದ್ದುಗಳಾ. ಇದು ಕೆಂಪು ಅಂಕಿ. ಕೆಂಪು ಅಂಕಿ ಬಿಲ್ಲಿಗೆ ಬರಲ್ಲ. ನೀರಿನ ಮೀಟರಿನಲ್ಲೂ ಹಾಗೇನೆ, ನಾವು ಬರೀತಿದ್ದದ್ದು ಕಪ್ಪು ಮಾತ್ರ. ಬಿಲ್ಲು ತಗೊಂಡು ಬಾ, ನೋಡು."

ಮಗಳು ಬಿಲ್ಲು ತಂದು ನೋಡಿದಳು. ನಿಜವಾಗಿಯೂ ಕಪ್ಪು ಅಂಕಿ ಮಾತ್ರ ಇತ್ತು. ಮಾವ ಮತ್ತೆ ಕಾಲ ಮೇಲೆ ಕಾಲು ಹಾಕಿದರು.

"ಸಣ್ಣ ಉರಿಗೆ ಕೆಂಪು ತಿರುಗುತ್ತೆ, ದೊಡ್ಡ ಉರಿಗೆ ಕಪ್ಪು ತಿರುಗುತ್ತೆ. ನಾನು ಹೇಳಿದ್ದು ಅದೇ."

"ನೀವು ಹೇಳಿದ್ದು ಅದಲ್ಲ ತಾತ."

"ಅದೇ."

ಗೋಡೆ ಹಿಡಿದು ಹಿಡಿದು ಬಂದ ಅಮ್ಮ ಕಿಟಕಿಯ ಕಟ್ಟೆಗೆ ಒರಗಿ ನಿಂತಳು. "ಮುಗಿದಿಲ್ಲವಲ್ಲ ಬೀಗ್ರೇ, ಊಟದವರೆಗೆ ಅಂತ ಮಾತು. ಕೂತ್ಕೊಳ್ಳಿ. ನಾನೂ ಕೂತ್ಕೋತೀನಿ" ಎಂದಳು. ಮೊಮ್ಮಗಳು ಅವಳಿಗೆ ಸ್ಟೂಲು ತಂದುಕೊಟ್ಟಳು. ಅತ್ತೆಯ ಕಾಲದ, ಒಲೆಯ ಮುಂದಿನ ಅದೇ ಸ್ಟೂಲು.

ಹಾಗೆ ಇಡೀ ಮನೆ ಒಂದು ಗೋಡೆಗೆ ಮುಖ ಮಾಡಿ ಕೂತಿತು. ಟೈಲ್ಸ್ ಅಂಗಡಿಯವನು ಒಮ್ಮೆ ಬಂದು ಇಣುಕಿ, "ಏನಾಯ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಇನ್ನೊಮ್ಮೆ ಬಂದಾಗ ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತ. ಕೆಂಪು ಅಂಕಿ ಒಂಬೈನೂರು ದಾಟಿತು, ಒಂಬೈನೂರ ಐವತ್ತು ದಾಟಿತು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಮಾವನಿಗೆ ಹಸಿವಾಗಿತ್ತು, ಆದರೆ ಮೊದಲು ಏಳುವವರು ತಾವಾಗಬಾರದು.

ಒಂಬೈನೂರ ತೊಂಬತ್ತೆಂಟಕ್ಕೆ ಮಗಳು ಎದ್ದು ನಿಂತಳು. ತೊಂಬತ್ತೊಂಬತ್ತಕ್ಕೆ ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೂರು ಒಂಬತ್ತುಗಳೂ ಒಟ್ಟಿಗೆ ನಿಧಾನವಾಗಿ ಮೇಲಕ್ಕೆ ಹೊರಳತೊಡಗಿದವು. ಅವುಗಳ ಜೊತೆಗೇ ಪಕ್ಕದ ಕಪ್ಪು ಆರು ಕೂಡ ಸೋಮಾರಿಯಾಗಿ ಎದ್ದು, ಅರ್ಧಕ್ಕೆ ನಿಂತಂತೆ ಕಂಡು, ಏಳಾಗಿ ಕೂತಿತು.

ಮಾವ ಗಾಜನ್ನು ಬೆರಳಿನಿಂದ ತಟ್ಟಿದರು. ಏಳು ಆರಾಗಲಿಲ್ಲ.

"ಮೀಟರ್ ಕೆಟ್ಟಿದೆ" ಎಂದರು.

"ಅಪ್ಪ" ಎಂದ ಮಗ. ಅಷ್ಟೇ. ಆದರೆ ಆ ಮನೆಯಲ್ಲಿ ಅದು ದೊಡ್ಡ ಭಾಷಣ.

"ಇರ್ಲಿ. ಒಂದು ಯೂನಿಟ್ಟು ಸುಮ್ನೆ ಸುಟ್ಟುಬಿಟ್ರಲ್ಲ, ಇದು ಯಾರ ಲೆಕ್ಕಕ್ಕೆ?"

"ನನ್ನ ಲೆಕ್ಕಕ್ಕೆ ಬರ್ಕೊಳ್ಳಿ ಬೀಗ್ರೇ" ಎಂದಳು ಅಮ್ಮ. "ಮೇಲಿನ ದರಕ್ಕೇ ಬರ್ಕೊಳ್ಳಿ. ಇಷ್ಟು ಒಳ್ಳೆ ಆಟ ನೋಡಿ ಬಹಳ ದಿನ ಆಗಿತ್ತು."

ಮಾವ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ದಿಂಬು ಅಲ್ಲೇ ಉಳಿಯಿತು.

ಸೊಸೆ ಅಡುಗೆಮನೆಗೆ ಹೋಗಿ ಪಾತ್ರೆಗೆ ಕೈ ಅದ್ದಿದಳು. ಅರ್ಧ ಹಗಲು ಉರಿದರೂ ಮಗುವಿನ ಕೆನ್ನೆಯಷ್ಟು ಬೆಚ್ಚಗೆ. ಅದನ್ನು ಚೆಲ್ಲಿ, ಹೊಸ ನೀರು ತುಂಬಿ, ನಾಬನ್ನು ಹಿಡಿದಳು. ಕೈ ಅಭ್ಯಾಸಬಲದಿಂದ ಕೆಂಪು ಗೆರೆಯತ್ತ ಹೊರಟಿತು. ಅವಳು ಅದನ್ನು ತಡೆದು ಹಿಂದಕ್ಕೆ ತಿರುಗಿಸಿದಳು. ಉರಿ ಭುಗ್ಗೆಂದು ಪಾತ್ರೆಯ ತಳವನ್ನೆಲ್ಲ ಅಪ್ಪಿತು. ಎಂಥ ಸದ್ದು ಅದು. ಇಷ್ಟು ವರ್ಷ ಅವಳು ಉರಿಯನ್ನು ಕಂಡಿದ್ದಳು, ಕೇಳಿರಲಿಲ್ಲ. ನೀರು ಬೇಗನೇ ಹೊಗೆಯಾಡಿತು, ಮಗಳು ಓಡಿಹೋಗಿ ಮೀಟರ್ ನೋಡಿ ಬಂದಳು.

"ಅಮ್ಮ, ಕೆಂಪು ಎಪ್ಪತ್ತೂ ಆಗಿಲ್ಲ. ಸಾವಿರ ಕೆಂಪಿಗೆ ಒಂದು ಯೂನಿಟ್ಟು. ಎರಡು ತಿಂಗಳಿಗೆ ಲೆಕ್ಕ ಹಾಕಿದ್ರೆ ಅಜ್ಜಿ ಸ್ನಾನಕ್ಕೆ ನಾಲ್ಕೇ ಯೂನಿಟ್ಟು. ತಾತನ ಉರೀಲಿ ಹದಿನೇಳಾಗಿತ್ತು."

ಗಂಡ ಆಗಲೇ ಒಳಗೆ ಬಂದಿದ್ದ. ಮುಖದಲ್ಲಿ ಸಮಾಧಾನ ಇತ್ತು. "ನಾಲ್ಕೇ ಅಲ್ವಾ? ಹಾಗಾದ್ರೆ ಸರಿ. ನಿಮ್ಮಮ್ಮ ಇಲ್ಲೇ ಇರ್ಲಿ ಬಿಡು. ಅಪ್ಪನಿಗೆ ನಾನು ಹೇಳ್ತೀನಿ."

ಸೊಸೆಗೆ ಗೆದ್ದೆ ಎನ್ನಿಸಿತು. ಬಕೆಟ್ಟಿಗೆ ನೀರು ಬಗ್ಗಿಸಿ, ಬಚ್ಚಲಿಗೆ ಒಯ್ದು, ಅಮ್ಮನ ಬೆನ್ನಿಗೆ ಮೊದಲ ಚೊಂಬು ಸುರಿಯುವಾಗಲೂ ಆ ಸಂತೋಷ ಮುಖದ ಮೇಲೇ ಇತ್ತು. ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಮೈಯಿಂದ ಆವಿ ಏಳುತ್ತಿತ್ತು.

"ನೋಡಿದ್ಯಾಮ್ಮ, ನಾಲ್ಕೇ ಯೂನಿಟ್ಟು."

"ನೋಡಿದೆ." ಇನ್ನೆರಡು ಚೊಂಬು ಹಾಕಿಸಿಕೊಂಡ ಮೇಲೆ ಅಮ್ಮ ಕೇಳಿದಳು. ಸಿಟ್ಟಿನಿಂದಲ್ಲ, ಬೆಲೆ ವಿಚಾರಿಸಿದ ಹಾಗೆ. "ನಲವತ್ತು ಬಂದಿದ್ರೆ?"

"ಏನು?"

"ನಲವತ್ತು ಯೂನಿಟ್ಟು ಬಂದಿದ್ರೆ ನನ್ನ ಎಲ್ಲಿಗೆ ಬಿಡ್ತಿದ್ದೆ? ಮೀಟರ್ ತಿರುಗದಿದ್ರೆ ನಾನೇ ಬಿಟ್ಟು ಬರ್ತೀನಿ ಅಂದ್ಯಲ್ಲ. ಎಲ್ಲರ ಎದುರಿಗೆ ಅಂದೆ."

ಸೊಸೆಯ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಮಾವನನ್ನು, ಗಂಡನನ್ನು ಬೈಯಲು ಅವಳು ವಾರದಿಂದ ಕೂಡಿಟ್ಟುಕೊಂಡಿದ್ದ ಮಾತುಗಳು ಬಾಯಿಗೆ ಬಂದವು, ಒಂದೂ ಇಲ್ಲಿಗೆ ಹೊಂದಲಿಲ್ಲ.

"ಹಾಕು, ತಣ್ಣಗಾಗುತ್ತೆ" ಎಂದಳು ಅಮ್ಮ.

ಆಮೇಲೆ ಆ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

ಚಳಿ ಬಂತು. ದೊಡ್ಡ ಉರಿ ಮನೆಗೆ ಒಗ್ಗಿತು. ಬೇಳೆ ಬೆಂದಿತು, ಹಾಲು ಮೊದಲ ಸಲ ಉಕ್ಕಿ ಒಲೆಯ ಗಾಜಿನ ಮೇಲೆಲ್ಲ ಹರಿಯಿತು. ಮಗಳು ವಾರಕ್ಕೆರಡು ಸಲ ಬಿಸಿನೀರಲ್ಲಿ ತಲೆಗೆ ಮೀಯತೊಡಗಿದಳು. ಗಂಡನೂ ಒಂದು ಬಕೆಟ್ಟು ಕಾಯಿಸಿಕೊಂಡ. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಹೆಚ್ಚು, ಮಾವ. "ಮೀಟರ್ ಕೆಟ್ಟಿದೆ, ಹೇಗೂ ತಿರುಗುತ್ತೆ" ಎನ್ನುತ್ತಾ ದಿನಾ ಎರಡು ಪಾತ್ರೆ ನೀರು ಸುರಿದುಕೊಂಡು, ಕೆಂಪಗಾಗಿ, ಬಚ್ಚಲಿನಿಂದ ಮಹಾರಾಜರಂತೆ ಹೊರಬರುತ್ತಿದ್ದರು. ಕೆಂಪು ಗೆರೆಗಳನ್ನು ಯಾರೂ ಅಳಿಸಲಿಲ್ಲ. ಪಾತ್ರೆ ಉಜ್ಜುವ ನಾರಿಗೆ ಸಿಕ್ಕಿ ತಾವಾಗೇ ಮಾಸುತ್ತಾ ಬಂದವು.

ಮುಂದಿನ ಬಿಲ್ಲು ಬಂದ ದಿನ ಮಾವ ಹಳೆಯ ಠೀವಿಯಲ್ಲೇ ಅದನ್ನು ಜಗ್ಗಿಗೆ ಒರಗಿಸಿದರು.

"ಮೂವತ್ತಮೂರು ಯೂನಿಟ್ಟು. ಸಾವಿರದ ನಾನೂರ ಎಂಬತ್ತು. ಹೋದ ಸಲಕ್ಕಿಂತ ಕಡಿಮೆ ಬಂದಿದೆ. ಮನೇಲಿ ಹೇಳೋರು ಕೇಳೋರು ಇದ್ರೆ ಹೀಗೆ." ಸ್ವಲ್ಪ ತಡೆದರು. ಕಣ್ಣು ಬೀಗಿತ್ತಿಯ ತಟ್ಟೆಯವರೆಗೆ ಹೋಗಿ ವಾಪಸಾಯಿತು. "ಆದ್ರೂ ಮೂವತ್ತು ದಾಟಿದೆ. ಆ ಮೂರು ಯೂನಿಟ್ಟಿಗೆ ಮೇಲಿನ ದರ ಬಿದ್ದಿದೆ. ಆ ಮೂರು ಯಾರದು ಅನ್ನೋದನ್ನ ನಾವು..."

"ತಾತ, ನಿಮ್ಮ ಎರಡು ಪಾತ್ರೆ ನೀರನ್ನ ಲೆಕ್ಕ ಹಾಕಿದ್ರೆ..." ಎಂದು ಲಾಯರಮ್ಮ ಪೆನ್ಸಿಲಿಗೆ ಕೈ ಹಾಕಿದಳು.

"ಲೆಕ್ಕ ಬೇಡ" ಎಂದಳು ಸೊಸೆ.

ಎ‌ಲ್ಲರೂ ಅವಳನ್ನು ನೋಡಿದರು. ಅವಳು ಜಗ್ಗಿಗೆ ಒರಗಿದ್ದ ಬಿಲ್ಲನ್ನು ತೆಗೆದು, ಮಡಚಿ, ಬಿಸಿ ಬೇಳೆಯ ಪಾತ್ರೆಯ ಅಡಿಗೆ ಇಟ್ಟಳು, ಮೇಜು ಸುಡದ ಹಾಗೆ.

"ಆ ಮೂರೂ ಅಮ್ಮಂದೇ ಮಾವ. ಮುಂದಿನ ಸಲ ಹತ್ತು ಬಂದ್ರೆ ಆ ಹತ್ತೂ ಅಮ್ಮಂದೇ. ನಲವತ್ತು ಬಂದ್ರೂ ಅಮ್ಮಂದೇ. ಅಮ್ಮ ಇಲ್ಲೇ ಇರ್ತಾಳೆ."

ಮಾವ ಮಗನನ್ನು ನೋಡಿದರು. ಮಗ ತಟ್ಟೆ ನೋಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ. ಅಮ್ಮ ತಲೆ ಎತ್ತಲಿಲ್ಲ. ತುತ್ತು ಕಲಸುತ್ತಿದ್ದ ಬೆರಳು ಮಾತ್ರ ಒಂದು ಗಳಿಗೆ ನಿಂತು, ಮತ್ತೆ ಆಡಿತು.

ಮಾವ ಚಮಚ ತುಂಬ ಬೇಳೆ ತೆಗೆದು ಬಾಯಿಗಿಟ್ಟುಕೊಂಡರು. ಮರುಕ್ಷಣ ಬಾಯಿ ತೆರೆದು, ಕೈಯಿಂದ ಗಾಳಿ ಬೀಸಿಕೊಳ್ಳುತ್ತಾ ನೀರಿಗೆ ತಡಕಾಡಿದರು.

"ಊದಿಕೊಂಡು ತಿನ್ನಿ ಬೀಗ್ರೇ" ಎಂದಳು ಅಮ್ಮ. "ಬೆಂದಿದೆ."